ಇಲ್ಲದ ವೈರಸ್‌ಗೆ 40 ಡಾಲರ್ ಮದ್ದು

ಭಾಗ 1

ಈ ಸಲದ ಇತಿಹಾಸದಲ್ಲಿ ರಾಜರಿಲ್ಲ, ಕೋಟೆ ಇಲ್ಲ, ಶಾಸನವೂ ಇಲ್ಲ. ನಮ್ಮಲ್ಲಿ ಬಹಳಷ್ಟು ಜನ ಹುಟ್ಟಿದ ಅಥವಾ ಅಂಗನವಾಡಿಗೆ ಹೋಗ್ತಿದ್ದ ಕಾಲದ ಕಥೆ. ಅದನ್ನ ಇತಿಹಾಸ ಅಂತ ಕರೆಯೋಕೆ ಸ್ವಲ್ಪ ನಗು ಬರುತ್ತೆ, ಆದರೂ ಕರೆಯೋಣ. ಯಾಕಂದ್ರೆ ಇದರಲ್ಲಿ ಕಂಪನಿ ಇದೆ, ಕೋರ್ಟ್ ಇದೆ, ಓಡಿ ಹೋದವರಿದ್ದಾರೆ, ಕೋಟಿಗಟ್ಟಲೆ ದುಡ್ಡಿದೆ.

ಮೊದಲ ಫೋಟೋದಲ್ಲಿರೋದು ವಿಂಡೋಸ್ ಎಕ್ಸ್‌ಪಿ. ಹಸಿರು ಗುಡ್ಡ, ನೀಲಿ ಆಕಾಶದ ಆ ವಾಲ್‌ಪೇಪರ್ ನೀವೂ ಎಲ್ಲೋ ನೋಡಿರ್ತೀರಿ. ವರ್ಷ 2008 ಅಂದ್ಕೊಳ್ಳಿ. ನೀವು ಯಾವುದೋ ಪುಟ ಓದ್ತಾ ಇದ್ದೀರಿ. ಇದ್ದಕ್ಕಿದ್ದಂತೆ ಒಂದು ಹೊಸ ವಿಂಡೋ ತೆರೆದುಕೊಳ್ಳುತ್ತೆ: ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ! ಹಸಿರು ಪಟ್ಟಿ ಎಡದಿಂದ ಬಲಕ್ಕೆ ಓಡುತ್ತೆ, ಫೈಲುಗಳ ಹೆಸರು ಸರಸರ ಹರಿಯುತ್ತೆ, ಕೊನೆಗೆ ಕೆಂಪು ಅಕ್ಷರದಲ್ಲಿ ಲೆಕ್ಕ. ಇಷ್ಟು ಟ್ರೋಜನ್, ಇಷ್ಟು ಸ್ಪೈವೇರ್. ಕೆಳಗೆ ಒಂದು ದೊಡ್ಡ ಬಟನ್: ಎಲ್ಲವನ್ನೂ ತೆಗೆದುಹಾಕಿ. ಒತ್ತಿದ್ರೆ ಒಂದು ಸಾಫ್ಟ್‌ವೇರ್ ಇಳಿಯುತ್ತೆ. ಅದು ಇನ್ನೊಂದು ಸಲ ಸ್ಕ್ಯಾನ್ ಮಾಡಿದಂತೆ ಮಾಡಿ, ಇನ್ನೂ ಜಾಸ್ತಿ ರೋಗ ತೋರಿಸಿ, ವಾಸಿಯಾಗಬೇಕಾದ್ರೆ ದುಡ್ಡು ಕೊಡಿ ಅನ್ನುತ್ತೆ.

ಅದು ಸ್ಕ್ಯಾನೇ ಅಲ್ಲ. ಬರೀ ಚಲಿಸುವ ಚಿತ್ರ. ಒಂದು ವೆಬ್ ಪುಟಕ್ಕೆ ನಿಮ್ಮ ಹಾರ್ಡ್ ಡಿಸ್ಕ್ ಒಳಗಿನ ಫೈಲುಗಳನ್ನ ಹಾಗೆಲ್ಲ ಓದೋಕೆ ಆಗೋದೇ ಇಲ್ಲ. ಯಾರು ತೆರೆದರೂ ಅದೇ ಪಟ್ಟಿ ಬರ್ತಿತ್ತು. ಮ್ಯಾಕ್ ಕಂಪ್ಯೂಟರ್ ಇಟ್ಟುಕೊಂಡವರಿಗೂ ವಿಂಡೋಸ್ ಎಕ್ಸ್‌ಪಿಯ ಮೈ ಕಂಪ್ಯೂಟರ್, ಸಿ ಡ್ರೈವ್ ತೋರಿಸಿ "ಇಲ್ಲಿ ವೈರಸ್ ಇದೆ" ಅಂತ ಹೆದರಿಸ್ತಿತ್ತು. ಮ್ಯಾಕ್‌ನಲ್ಲಿ ಸಿ ಡ್ರೈವ್ ಅನ್ನೋದೇ ಇರೋದಿಲ್ಲ!

ಇದಕ್ಕೆ ಇಂಗ್ಲಿಷ್‌ನಲ್ಲಿ ಇಟ್ಟ ಹೆಸರು ಸ್ಕೇರ್‌ವೇರ್. ಹೆದರಿಸಿ ಮಾರೋ ಸರಕು.

ಭಾಗ 2

ಜನ ಯಾಕೆ ಇಷ್ಟು ಸುಲಭವಾಗಿ ನಂಬಿದ್ರು? ದಡ್ಡರು ಅಂತಲ್ಲ. ಭಯ ನಿಜವಾಗಿತ್ತು, ಅದಕ್ಕೆ.

2000ದ ಆಸುಪಾಸಿನಲ್ಲಿ ಸ್ಪೈವೇರ್ ಅನ್ನೋದು ನಿಜವಾದ ಪಿಡುಗು. ಉಚಿತ ಅಂತ ಇಳಿಸಿಕೊಂಡ ಆಟದ ಜೊತೆ, ಹಾಡು ಹಂಚುವ ಸಾಫ್ಟ್‌ವೇರ್ ಜೊತೆ ಕದ್ದು ಬರ್ತಿತ್ತು. ನೀವು ಎಲ್ಲೆಲ್ಲಿ ಹೋಗ್ತೀರಿ ಅಂತ ಗುಟ್ಟಾಗಿ ಬರೆದುಕೊಳ್ಳೋದು, ಜಾಹೀರಾತು ತುಂಬಿಸೋದು ಅದರ ಕೆಲಸ. 2004ರಲ್ಲಿ ಎಒಎಲ್ ಕಂಪನಿ ಮತ್ತು ಅಮೆರಿಕದ ಒಂದು ಸೈಬರ್ ಸುರಕ್ಷತಾ ಒಕ್ಕೂಟ ಸೇರಿ ಮನೆಮನೆಗೆ ಹೋಗಿ ಕಂಪ್ಯೂಟರ್ ಪರೀಕ್ಷೆ ಮಾಡಿದಾಗ 100ರಲ್ಲಿ 80 ಕಂಪ್ಯೂಟರುಗಳಲ್ಲಿ ಸ್ಪೈವೇರ್ ಸಿಕ್ಕಿತ್ತು. ಅಂದ್ರೆ "ನಿಮ್ಮ ಕಂಪ್ಯೂಟರಿನಲ್ಲಿ ಸ್ಪೈವೇರ್ ಇದೆ" ಅಂತ ಕಣ್ಣು ಮುಚ್ಚಿ ಯಾರಿಗೆ ಹೇಳಿದ್ರೂ 5ರಲ್ಲಿ 4 ಸಲ ಅದು ನಿಜವೇ! ಕಾಲರಾ ಬಂದ ಊರಿನಲ್ಲಿ ಬಣ್ಣದ ನೀರು ಮಾರೋದು ಎಷ್ಟು ಸುಲಭ ಯೋಚಿಸಿ.

ಅದೇ 2004ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್, ಎಕ್ಸ್‌ಪಿಗೆ ಎರಡನೇ ಸರ್ವಿಸ್ ಪ್ಯಾಕ್ ಕೊಟ್ಟಿತು. ಅದರಲ್ಲಿ ಸೆಕ್ಯುರಿಟಿ ಸೆಂಟರ್ ಅಂತ ಒಂದು ಹೊಸ ವಿಭಾಗ. ಪರದೆಯ ಬಲ ಮೂಲೆಯಲ್ಲಿ ಕೆಂಪು ಗುರಾಣಿ, ಪಕ್ಕದಲ್ಲಿ ಒಂದು ಪುಟ್ಟ ಬಲೂನಿನಂಥ ಸಂದೇಶ: ನಿಮ್ಮ ಕಂಪ್ಯೂಟರ್‌ಗೆ ರಕ್ಷಣೆ ಇಲ್ಲ. ಒಳ್ಳೇ ಉದ್ದೇಶದ್ದೇ. ಆದರೆ ಮೂಲೆಯಲ್ಲಿ ಗುರಾಣಿ ಬಂದ್ರೆ ಹೇಳಿದಂತೆ ಕೇಳಬೇಕು ಅನ್ನೋ ಅಭ್ಯಾಸ ಜನರಿಗಾಯ್ತು. ಮೋಸಗಾರರು ಮಾಡಿದ್ದಿಷ್ಟೇ, ಅದೇ ಗುರಾಣಿ, ಅದೇ ಬಲೂನು, ಅದೇ ಬಣ್ಣ ನಕಲು ಮಾಡಿದ್ರು. ಕಳ್ಳ ಪೊಲೀಸ್ ಯೂನಿಫಾರ್ಮ್ ಹಾಕಿಕೊಂಡು ಬಂದ ಹಾಗೆ.

ಭಾಗ 3

ಮೊದಮೊದಲು ಇದು ಚಿಲ್ಲರೆ ವ್ಯಾಪಾರ. 2005ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರ ಪರ ನಿಲ್ಲೋ ಸರ್ಕಾರಿ ಸಂಸ್ಥೆ, ಮುಂದೆ ಎಫ್‌ಟಿಸಿ ಅಂತೀನಿ) ಸ್ಪೈವೇರ್ ಅಸಾಸಿನ್ ಅನ್ನೋ ಸರಕಿನ ಮೇಲೆ ಕೇಸು ಹಾಕಿತು. ಉಚಿತ ಸ್ಕ್ಯಾನ್ ಅಂತ ಕರೆದು, ಏನೂ ಇಲ್ಲದಿದ್ರೂ ಇದೆ ಅಂತ ಹೇಳಿ, 29.95 ಡಾಲರ್ ಕೇಳ್ತಿದ್ರು ಅನ್ನೋದು ಆರೋಪ. 2006ರಲ್ಲಿ ವಾಷಿಂಗ್ಟನ್ ರಾಜ್ಯ ತನ್ನ ಹೊಸ ಸ್ಪೈವೇರ್ ಕಾಯ್ದೆಯಡಿ ಹಾಕಿದ ಮೊಟ್ಟಮೊದಲ ಕೇಸು ಯಾರ ಮೇಲೆ ಗೊತ್ತಾ? ಸ್ಪೈವೇರ್ ಮಾಡಿದವರ ಮೇಲಲ್ಲ, ಸ್ಪೈವೇರ್ ಕ್ಲೀನರ್ ಅಂತ ಮಾರ್ತಿದ್ದವರ ಮೇಲೆ. ಆ ಕಂಪನಿ ಅದೇ ವರ್ಷ ಡಿಸೆಂಬರ್‌ನಲ್ಲಿ 10 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಸ್ಪೈಶೆರಿಫ್ ಇನ್ನೊಂದು ಜಾತಿ. ಇದು ಬರೀ ಸುಳ್ಳು ಹೇಳಿ ಸುಮ್ಮನಿರ್ತಿರಲಿಲ್ಲ. ಗೂಗಲ್ ಅಂತ ಟೈಪ್ ಮಾಡುವಾಗ ಅಕ್ಷರ ತಪ್ಪಿ ಗಾಗಲ್ ಅಂತ ಹೊಡೆದವರು ಒಂದು ಪುಟಕ್ಕೆ ಹೋಗಿ ಬೀಳ್ತಿದ್ರು, ಅಲ್ಲಿಂದ ಇದು ಕೇಳದೇ ಒಳಗೆ ಬರ್ತಿತ್ತು. ಒಂದು ಅಕ್ಷರದ ತಪ್ಪು, ಅಷ್ಟೇ. ಬಂದ ಮೇಲೆ ವಾಲ್‌ಪೇಪರ್ ಬದಲಾಯಿಸಿ ಎಚ್ಚರಿಕೆ ಬರೆಯೋದು, ತೆಗೆದು ಹಾಕಿದ್ರೆ ಮತ್ತೆ ತಾನೇ ಹುಟ್ಟಿಕೊಳ್ಳೋದು. ಹೆಸರು ಕೆಟ್ಟ ಮೇಲೆ ಬ್ರೇವ್‌ಸೆಂಟ್ರಿ, ಪೆಸ್ಟ್‌ಟ್ರ್ಯಾಪ್ ಅಂತ ಬೇರೆ ಬೇರೆ ವೇಷದಲ್ಲಿ ವಾಪಸ್ ಬಂತು. ಒಳಗಿನ ಸರಕು ಅದೇ, ಹೊರಗಿನ ಡಬ್ಬಿ ಬೇರೆ.

ನನಗೆ ಇವುಗಳಲ್ಲೆಲ್ಲ ತುಂಬಾ ನಾಟಕೀಯ ಅನ್ನಿಸಿದ್ದು ಆ್ಯಂಟಿವೈರಸ್ ಎಕ್ಸ್‌ಪಿ 2008. ಕಂಪ್ಯೂಟರ್ ಕ್ರ್ಯಾಶ್ ಆದಾಗ ಬರುವ ಆ ನೀಲಿ ಪರದೆ ಇದೆಯಲ್ಲ, ಸಿಸ್‌ಇಂಟರ್ನಲ್ಸ್ ತಂಡದವರು ಅದನ್ನೇ ಹೋಲುವ ಒಂದು ಸ್ಕ್ರೀನ್‌ಸೇವರ್ ಹಿಂದೆ ತಮಾಷೆಗೆ ಮಾಡಿದ್ರು. ಮೋಸಗಾರರು ಅದನ್ನೇ ಎತ್ತಿಕೊಂಡು ಇದರ ಜೊತೆ ಸೇರಿಸಿದ್ರು. ಸ್ವಲ್ಪ ಹೊತ್ತು ಕೀಬೋರ್ಡ್ ಮುಟ್ಟದಿದ್ರೆ ಕಂಪ್ಯೂಟರ್ ಸತ್ತೇ ಹೋಯ್ತು ಅನ್ನೋ ದೃಶ್ಯ!

ಭಾಗ 4

ಈಗ ಕಥೆಯ ದೊಡ್ಡ ಪಾತ್ರಕ್ಕೆ ಬರೋಣ. ಜಾಗ ಉಕ್ರೇನಿನ ರಾಜಧಾನಿ ಕೀವ್. ಕಂಪನಿಯ ಹೆಸರು ಇನ್ನೋವೇಟಿವ್ ಮಾರ್ಕೆಟಿಂಗ್. ಕಾಗದದ ಮೇಲೆ ನೋಂದಣಿ ಮಧ್ಯ ಅಮೆರಿಕದ ಬೆಲೀಜ್ ಅನ್ನೋ ಪುಟ್ಟ ದೇಶದಲ್ಲಿ. ವಿನ್‌ಫಿಕ್ಸರ್, ವಿನ್‌ಆ್ಯಂಟಿವೈರಸ್, ಡ್ರೈವ್‌ಕ್ಲೀನರ್, ಎರರ್‌ಸೇಫ್, ಎಕ್ಸ್‌ಪಿ ಆ್ಯಂಟಿವೈರಸ್, ಇವೆಲ್ಲ ಇದೇ ಅಂಗಡಿಯ ಸರಕು. ಬೆಲೆ ಸಾಮಾನ್ಯವಾಗಿ 39.95 ಡಾಲರ್.

ಕತ್ತಲ ಕೋಣೆ, ತಲೆ ಮೇಲೆ ಹುಡ್ ಹಾಕಿಕೊಂಡ ಹ್ಯಾಕರ್ ಅಂತ ಊಹಿಸಿಕೊಂಡ್ರಾ? ಅಲ್ಲವೇ ಅಲ್ಲ. 2010ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದರ ಬಗ್ಗೆ ದೊಡ್ಡ ವರದಿ ಮಾಡಿತು. ಕೀವ್‌ನಲ್ಲಿ ಹಲವು ಮಹಡಿಯ ಆಫೀಸು, ನೂರಾರು ಉದ್ಯೋಗಿಗಳು, ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ನಮಗಿಂತ ಎರಡು ಮೂರು ವರ್ಷ ದೊಡ್ಡವರು ಅಷ್ಟೇ. 2008 ಒಂದೇ ವರ್ಷದ ಆದಾಯ ಸುಮಾರು 18 ಕೋಟಿ ಡಾಲರ್. ಅಲ್ಲಿ ಕೆಲಸ ಮಾಡಿದ್ದ ಒಬ್ಬ ಪ್ರೋಗ್ರಾಮರ್ ಆಮೇಲೆ ವರದಿಗಾರರ ಹತ್ತಿರ ಹೇಳಿದ್ದು: ಇಪ್ಪತ್ತನೇ ವಯಸ್ಸಿನಲ್ಲಿ ಸರಿ ತಪ್ಪಿನ ಬಗ್ಗೆ ಅಷ್ಟೊಂದು ಯೋಚನೆ ಬರೋದಿಲ್ಲ ಅಂತ. ಈ ಮಾತು ನಂಗೆ ಒಪ್ಪಿಗೆಯಿಲ್ಲ. ಆದರೆ ಸಂಬಳ ಸರಿಯಾಗಿ ಬರ್ತಿದ್ದಾಗ, ಪಕ್ಕದ ಟೇಬಲ್ಲಿನವನೂ ಅದನ್ನೇ ಮಾಡ್ತಿದ್ದಾಗ, ಅದು "ಕೆಲಸ" ಅನ್ನಿಸಿಬಿಡುತ್ತೆ ಅನ್ನೋದು ಮಾತ್ರ ಅರ್ಥವಾಗುತ್ತೆ.

ಅವರಿಗೆ ಕಾಲ್ ಸೆಂಟರುಗಳೂ ಇದ್ದವು. ಉಕ್ರೇನಿನಲ್ಲಿ, ಅಮೆರಿಕದಲ್ಲಿ, ಮತ್ತೆ ಭಾರತದಲ್ಲಿ. ದುಡ್ಡು ಕೊಟ್ಟವರು ಅನುಮಾನ ಬಂದು ಫೋನ್ ಮಾಡಿದ್ರೆ ಸಮಾಧಾನ ಮಾಡೋದಕ್ಕೆ. ಮೆಕ್ಯಾಫಿಯ ಸಂಶೋಧಕರೊಬ್ಬರು ಆ ಕರೆಗಳ ರೆಕಾರ್ಡಿಂಗ್ ಗಂಟೆಗಟ್ಟಲೆ ಕೇಳಿದ್ರು. ಅವರಿಗೆ ಆಶ್ಚರ್ಯ ಆಗಿದ್ದು ಏನು ಗೊತ್ತಾ? ಕರೆ ಮಾಡಿದವರಲ್ಲಿ ಬಹುತೇಕರು ಖುಷಿಯಾಗಿಯೇ ಫೋನ್ ಇಟ್ಟಿದ್ರು. ಮೋಸ ಹೋದವರಿಗೆ ಮೋಸ ಹೋದೆ ಅಂತ ಗೊತ್ತೇ ಆಗ್ತಿರಲಿಲ್ಲ. ದುಡ್ಡು ಕೊಟ್ಟ ಕೂಡಲೇ ಕೆಂಪು ಎಚ್ಚರಿಕೆ ನಿಂತು ಹಸಿರಾಗ್ತಿತ್ತಲ್ಲ, ಅಂದ್ರೆ ಸರಿ ಹೋಯ್ತು ಅಂತಲೇ ಲೆಕ್ಕ.

2008ರ ಡಿಸೆಂಬರ್‌ನಲ್ಲಿ ಎಫ್‌ಟಿಸಿ ಕೋರ್ಟಿಗೆ ಹೋಗಿ ಇದನ್ನ ನಿಲ್ಲಿಸುವ ಆದೇಶ ತಂತು. ಮೋಸಹೋದವರು 10 ಲಕ್ಷಕ್ಕೂ ಹೆಚ್ಚು ಅಂತ ಎಫ್‌ಟಿಸಿ ಹೇಳಿತು. 2010ರಲ್ಲಿ ಷಿಕಾಗೋದಲ್ಲಿ ಮೂವರ ಮೇಲೆ ಕ್ರಿಮಿನಲ್ ಆರೋಪ. 60ಕ್ಕೂ ಹೆಚ್ಚು ದೇಶಗಳ ಜನರಿಗೆ ಸೇರಿ 10 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ ಅಂತ ಅದರಲ್ಲಿತ್ತು. ಇಬ್ಬರು ಸಿಗಲೇ ಇಲ್ಲ, ಎಫ್‌ಬಿಐ ತನ್ನ ಬೇಕಾದವರ ಪಟ್ಟಿಗೆ ಹಾಕಿ ಬಹುಮಾನ ಘೋಷಿಸಿತು. 2012ರಲ್ಲಿ ಎಫ್‌ಟಿಸಿಯ ಕೇಸಿನಲ್ಲಿ ಕಂಪನಿಯ ಒಬ್ಬ ಮಹಿಳೆಯ ಮೇಲೆ 16.3 ಕೋಟಿ ಡಾಲರ್ ಕಟ್ಟಬೇಕು ಅನ್ನೋ ತೀರ್ಪು ಬಂತು.

ಭಾಗ 5

"ನಾವು ಕೆಟ್ಟ ಸೈಟಿಗೆ ಹೋಗೋದೇ ಇಲ್ಲ, ನಮಗೇನಾಗುತ್ತೆ" ಅನ್ನೋವ್ರಿಗೆ ಈ ಭಾಗ.

2009ರ ಸೆಪ್ಟೆಂಬರ್, ಒಂದು ವಾರಾಂತ್ಯ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವೆಬ್‌ಸೈಟ್ ಓದ್ತಿದ್ದವರಿಗೆ ದಿಢೀರನೆ ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ ಅನ್ನೋ ವಿಂಡೋ! ಯಾರೋ ವೋನೇಜ್ ಅನ್ನೋ ಫೋನ್ ಕಂಪನಿಯ ಹೆಸರಿನಲ್ಲಿ ಜಾಹೀರಾತಿಗೆ ಜಾಗ ಕೊಂಡಿದ್ರು. ಮೊದಲು ಸರಿಯಾದ ಜಾಹೀರಾತೇ ಬಂತು. ಶನಿವಾರ ಭಾನುವಾರ ಆಫೀಸಿನಲ್ಲಿ ಜನ ಕಡಿಮೆ ಇರೋ ಹೊತ್ತು ನೋಡಿ ಅದನ್ನ ಬದಲಾಯಿಸಿ ನಕಲಿ ಸ್ಕ್ಯಾನ್ ಹಾಕಿಬಿಟ್ರು. ಮಿನ್ನಿಯಾಪೊಲಿಸ್‌ನ ಸ್ಟಾರ್ ಟ್ರಿಬ್ಯೂನ್ ಪತ್ರಿಕೆಗೂ ಹೀಗೇ ಆಯ್ತು, ಅಲ್ಲಿ ಹೋಟೆಲ್ ಕಂಪನಿಯ ಜಾಹೀರಾತು ಏಜೆನ್ಸಿ ಅನ್ನೋ ವೇಷ. ಆ ಕೇಸಿನ ಆರೋಪಿ ಲಾಟ್ವಿಯಾದವನು, 2011ರಲ್ಲಿ ಬಂಧನವಾಗಿ ತಪ್ಪಿಸಿಕೊಂಡು, ಕೊನೆಗೆ 2018ರಲ್ಲಿ ಅಮೆರಿಕದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ.

ಸೈಟ್ ನಂಬಿಕಸ್ತರದ್ದೇ ಇರಬಹುದು. ಅದರ ಮೇಲೆ ಕೂರೋ ಜಾಹೀರಾತು ಬೇರೆಯವರದ್ದು.

ಭಾಗ 6

ಹಾಗಾದ್ರೆ ಇದನ್ನ ಮುರಿದದ್ದು ಯಾರು? ಪೊಲೀಸರು ಅಂತ ಹೇಳೋಕೆ ನಂಗೂ ಇಷ್ಟ. ಆದರೆ ದೊಡ್ಡ ಪೆಟ್ಟು ಬಿದ್ದಿದ್ದು ಗಲ್ಲಾಪೆಟ್ಟಿಗೆಗೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯ ಸಂಶೋಧಕರಿಗೆ ಇಂಥ ಮೂರು ಗುಂಪುಗಳ ಸರ್ವರ್ ದಾಖಲೆ ಸಿಕ್ಕಿತು. 2011ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಮೂರೂ ಗುಂಪಿನ ಒಟ್ಟು ಗಳಿಕೆ 13 ಕೋಟಿ ಡಾಲರ್ ಮೀರಿತ್ತು. ಇನ್‌ಸ್ಟಾಲ್ ಆದ ಪ್ರತಿ 100 ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟವರು ಬರೀ 2ರ ಆಸುಪಾಸು. ಉಳಿದ 98 ಜನ ಬೈಕೊಂಡು ಫಾರ್ಮ್ಯಾಟ್ ಮಾಡಿಸಿದ್ರೂ ವ್ಯಾಪಾರ ಭರ್ಜರಿ.

ಇನ್ನೂ ಸ್ವಾರಸ್ಯ ಇದೆ. ಗ್ರಾಹಕ ಬ್ಯಾಂಕಿಗೆ ದೂರು ಕೊಟ್ಟು ಕಾರ್ಡಿನ ದುಡ್ಡು ವಾಪಸ್ ಪಡೆಯೋದಕ್ಕೆ ಚಾರ್ಜ್‌ಬ್ಯಾಕ್ ಅಂತಾರೆ. ಒಬ್ಬ ವ್ಯಾಪಾರಿಯ ಮೇಲೆ ಇಂಥ ದೂರು ಜಾಸ್ತಿಯಾದ್ರೆ ಕಾರ್ಡ್ ಕಂಪನಿಗಳು ಅವನ ಖಾತೆಯನ್ನೇ ಮುಚ್ಚಿಬಿಡ್ತಾವೆ. ಅದಕ್ಕೇ ಈ ಕಳ್ಳರು ದೂರಿನ ಲೆಕ್ಕ ದಿನಾ ನೋಡ್ತಿದ್ರು. ಅಪಾಯದ ಗೆರೆ ಹತ್ತಿರ ಬಂದಾಗ, ಕೇಳಿದವರಿಗೆಲ್ಲ ತಕರಾರಿಲ್ಲದೆ ದುಡ್ಡು ವಾಪಸ್! ಗೆರೆ ದೂರ ಸರಿದ ಮೇಲೆ ಮತ್ತೆ ಕಿವುಡರಾಗೋದು. ಅಂದ್ರೆ ಬ್ಯಾಂಕಿಗೆ ದೂರು ಕೊಟ್ಟ ಪ್ರತಿಯೊಬ್ಬರೂ ಬರೀ ತಮ್ಮ 40 ಡಾಲರ್‌ಗಾಗಿ ಹೋರಾಡ್ತಿರಲಿಲ್ಲ, ಗೊತ್ತಿಲ್ಲದೇ ಆ ಅಂಗಡಿಯ ಬಾಗಿಲನ್ನೇ ತಳ್ತಿದ್ರು.

2011ರ ಮೇ ತಿಂಗಳಲ್ಲಿ ಮ್ಯಾಕ್ ಡಿಫೆಂಡರ್ ಅಂತ ಬಂದು, ಮ್ಯಾಕ್‌ಗೆ ಇದೆಲ್ಲ ಬರಲ್ಲ ಅನ್ನೋರ ಬಾಯಿ ಮುಚ್ಚಿಸಿತು. ಅದನ್ನ ತೆಗೆಯೋಕೆ ಆ್ಯಪಲ್ ಅಪ್‌ಡೇಟ್ ಬಿಡಬೇಕಾಯ್ತು. ಜೂನ್‌ನಲ್ಲಿ ಎಫ್‌ಬಿಐ ಹಲವು ದೇಶಗಳ ಪೊಲೀಸರ ಜೊತೆ ಸೇರಿ ದಾಳಿ ಮಾಡಿತು. ಅದರಲ್ಲಿ ಒಂದು ಗುಂಪು 9,60,000 ಜನರಿಂದ 7.2 ಕೋಟಿ ಡಾಲರ್ ಕಿತ್ತಿತ್ತು. ಆ ಬೇಸಿಗೆಯಲ್ಲೇ ಇವರ ಕಾರ್ಡ್ ವ್ಯವಹಾರ ನಡೆಸಿಕೊಡೋರೂ ಹಿಂದೆ ಸರಿದ್ರು, ನಕಲಿ ಆ್ಯಂಟಿವೈರಸ್‌ಗಳ ಹಾವಳಿ ಥಟ್ಟಂತ ಇಳಿಯಿತು.

ಭಾಗ 7

ಆ ಕಾಲದಲ್ಲಿ ಇದನ್ನ ತೆಗೀತಿದ್ದದ್ದು ಹೇಗೆ? ಇದು ನನ್ನ ಇಷ್ಟದ ಭಾಗ.

ಒಳಗೆ ಸೇರಿದ ನಕಲಿ ಸಾಫ್ಟ್‌ವೇರ್ ಮೊದಲು ಮಾಡ್ತಿದ್ದ ಕೆಲಸ ಟಾಸ್ಕ್ ಮ್ಯಾನೇಜರ್ ಮುಚ್ಚೋದು. ಆಮೇಲೆ ನಿಜವಾದ ಆ್ಯಂಟಿವೈರಸ್ ಕೂಡ. ಯಾವ ಪ್ರೋಗ್ರಾಂ ತೆರೆದ್ರೂ "ಇದರಲ್ಲಿ ವೈರಸ್ ಇದೆ, ತೆರೆಯೋಕಾಗಲ್ಲ" ಅಂತ ತಡೆಯೋದು. ನೋಟ್‌ಪ್ಯಾಡ್ ತೆರೆದ್ರೂ ಅದೇ ಮಾತು. ಆದರೆ ಒಂದು ಪ್ರೋಗ್ರಾಂ ಮಾತ್ರ ಬಿಡ್ತಿತ್ತು. ಯಾವುದು ಹೇಳಿ ನೋಡೋಣ?

ಬ್ರೌಸರ್! ಅದನ್ನೂ ಮುಚ್ಚಿದ್ರೆ ದುಡ್ಡು ಕಟ್ಟೋದು ಹೇಗೆ?

ಆರ್‌ಕಿಲ್ ಅನ್ನೋ ಪುಟ್ಟ ಉಚಿತ ಸಾಧನ ಮಾಡಿದವರು ಈ ದುರಾಸೆಯನ್ನೇ ಬಾಗಿಲು ಮಾಡಿಕೊಂಡ್ರು. ತಮ್ಮ ಸಾಧನಕ್ಕೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಫೈಲಿನ ಹೆಸರನ್ನೇ ಇಟ್ಟು ಹಂಚಿದ್ರು. ಕಾವಲುಗಾರ ಬ್ರೌಸರ್ ಅಂದ್ಕೊಂಡು ಒಳಗೆ ಬಿಟ್ಟ, ಅದು ಹೋಗಿ ಅವನನ್ನೇ ನಿಲ್ಲಿಸಿತು. ಅದು ನಿಂತ ತಕ್ಷಣ, ಕಂಪ್ಯೂಟರ್ ರೀಸ್ಟಾರ್ಟ್ ಮಾಡದೇ ನಿಜವಾದ ಸ್ಕ್ಯಾನರ್ ಓಡಿಸಬೇಕು. ರೀಸ್ಟಾರ್ಟ್ ಮಾಡಿದ್ರೆ ನಕಲಿಯೂ ಎದ್ದು ಬರುತ್ತೆ. ಇದೂ ಆಗದಿದ್ರೆ ಸೇಫ್ ಮೋಡ್, ಅಂದ್ರೆ ತೀರಾ ಅಗತ್ಯದ ಭಾಗಗಳಷ್ಟೇ ಓಡುವ ಸ್ಥಿತಿ. ಅಲ್ಲಿ ನಕಲಿಗೆ ಎದ್ದೇಳೋಕೆ ಕಷ್ಟ. ಕೊನೆಗೆ ಬ್ರೌಸರಿನ ಪ್ರಾಕ್ಸಿ ಸೆಟ್ಟಿಂಗ್ ಮತ್ತು ಹೋಸ್ಟ್ಸ್ ಫೈಲ್ ನೋಡಬೇಕು. ನಿಜವಾದ ಆ್ಯಂಟಿವೈರಸ್ ಸೈಟುಗಳಿಗೆ ಹೋಗೋ ದಾರಿಯನ್ನ ಅಲ್ಲೇ ತಿರುಗಿಸಿಟ್ಟಿರ್ತಿದ್ರು.

ಈ ಕೆಲಸದಲ್ಲಿ ಸಂಬಳವಿಲ್ಲದೆ ದುಡಿದವರು ತುಂಬಾ ಜನ. ಸ್ಪೈವೇರ್ ವಾರಿಯರ್ ಅಂತ ಒಂದು ತಾಣದಲ್ಲಿ ಎರಿಕ್ ಹೋವ್ಸ್ ಅನ್ನೋರು ನಕಲಿಗಳ ಹೆಸರನ್ನ ಒಂದೊಂದಾಗಿ ಪರೀಕ್ಷಿಸಿ ಪಟ್ಟಿ ಮಾಡ್ತಾ ಹೋದ್ರು, ನೂರಾರು ಆಯ್ತು. ಅಮೆರಿಕದ ಇಲಿನಾಯ್‌ನಲ್ಲಿ ಮಾರ್ಸಿನ್ ಕ್ಲೆಚಿನ್ಸ್ಕಿ ಅನ್ನೋ ಹುಡುಗ ಮನೆಯ ಕಂಪ್ಯೂಟರ್ ಕೆಟ್ಟು, ಗುರುತಿಲ್ಲದ ಸ್ವಯಂಸೇವಕರ ಸಹಾಯದಿಂದ ದಿನಗಟ್ಟಲೆ ಕೂತು ಸರಿ ಮಾಡಿದ. ಆಮೇಲೆ ಇಂಥ ನಕಲಿಗಳನ್ನ ತೆಗೆಯೋಕೆ ಅಂತಲೇ ರೋಗ್‌ರಿಮೂವರ್ ಬರೆದ. 2008ರಲ್ಲಿ ಶುರುವಾದ ಮಾಲ್‌ವೇರ್‌ಬೈಟ್ಸ್ ಕಂಪನಿ ಅವನದೇ.

ಭಾಗ 8

ಸರಕು ಹೋಯ್ತು, ಉಪಾಯ ಹೋಗಲಿಲ್ಲ. ಕಾರ್ಡ್ ಕಷ್ಟವಾದಾಗ 2012ರ ಹೊತ್ತಿಗೆ ಪರದೆಗೆ ಬೀಗ ಹಾಕಿ "ನಾವು ಪೊಲೀಸ್, ದಂಡ ಕಟ್ಟಿ" ಅನ್ನೋ ರೆವೆಟನ್ ಬಂತು. ಈಗಿನ ಡಿಜಿಟಲ್ ಅರೆಸ್ಟ್ ಅದರ ತಮ್ಮನ ಹಾಗೆ ಕಾಣಿಸಲ್ವಾ?

ಇನ್ನೊಂದು ದಾರಿ ನಮ್ಮ ದೇಶಕ್ಕೇ ಬಂತು, ಹೇಳೋಕೆ ನಾಚಿಕೆ. 2012ರ ಅಕ್ಟೋಬರ್‌ನಲ್ಲಿ ಎಫ್‌ಟಿಸಿ ಆರು ಟೆಕ್ ಸಪೋರ್ಟ್ ಗುಂಪುಗಳ ಮೇಲೆ ಕ್ರಮ ಕೈಗೊಂಡಾಗ, ಹೆಚ್ಚಿನವು ಭಾರತದಿಂದ ನಡೀತಿದ್ದವು. ಮೈಕ್ರೋಸಾಫ್ಟ್‌ನವರು ಅಂತ ಫೋನ್ ಮಾಡಿ, ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆಸೋದು. ಎಲ್ಲ ಕಂಪ್ಯೂಟರಿನಲ್ಲೂ ಅಲ್ಲಿ ಕೆಂಪು, ಹಳದಿ ಗುರುತು ಇದ್ದೇ ಇರುತ್ತೆ, ಅವು ಸಾಮಾನ್ಯ ದಾಖಲೆ. ಅದನ್ನೇ ತೋರಿಸಿ "ನೋಡಿ ವೈರಸ್" ಅಂತ 49ರಿಂದ 450 ಡಾಲರ್ ವಸೂಲಿ. ಲ್ಯಾಬಿನಲ್ಲಿ ನೀವೇ ಈವೆಂಟ್ ವ್ಯೂವರ್ ತೆರೆದು ನೋಡಿ, ಚೆನ್ನಾಗಿರೋ ಕಂಪ್ಯೂಟರಿನಲ್ಲೂ ಕೆಂಪು ಕಾಣುತ್ತೆ.

ಮೋಸಕ್ಕೆ ಗುರುತಿಲ್ಲದ ಕಂಪನಿಯೇ ಬೇಕು ಅಂತೇನಿಲ್ಲ. ಅಮೆರಿಕದ ದೊಡ್ಡ ಅಂಗಡಿ ಸರಣಿ ಆಫೀಸ್ ಡಿಪೋ ಕಂಪ್ಯೂಟರ್ ತಪಾಸಣೆ ಅಂತ ಒಂದು ಪ್ರೋಗ್ರಾಂ ಓಡಿಸ್ತಿತ್ತು. ಶುರುವಿನಲ್ಲಿ ನಾಲ್ಕು ಪ್ರಶ್ನೆ: ನಿಧಾನವಾಗಿದೆಯಾ, ಪಾಪ್‌ಅಪ್ ಬರುತ್ತಾ, ಹೀಗೆ. ಯಾವುದಾದ್ರೂ ಒಂದಕ್ಕೆ ಟಿಕ್ ಹಾಕಿದ್ರೆ ಸಾಕು, ಸ್ಕ್ಯಾನಿನಲ್ಲಿ ಏನೇ ಸಿಗಲಿ ಬಿಡಲಿ, ಮಾಲ್‌ವೇರ್ ಲಕ್ಷಣ ಇದೆ ಅಂತ ಬರ್ತಿತ್ತು ಅನ್ನೋದು ಎಫ್‌ಟಿಸಿ ದೂರು. 2019ರಲ್ಲಿ ಅದೂ, ಆ ಪ್ರೋಗ್ರಾಂ ಕೊಟ್ಟ ಕಂಪನಿಯೂ ಸೇರಿ 3.5 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡವು. ಫೋನಿನ ಕಥೆ ಇನ್ನೂ ಚಿಕ್ಕದು: 2014ರಲ್ಲಿ ಪ್ಲೇ ಸ್ಟೋರ್‌ನ ಪೇಯ್ಡ್ ಆ್ಯಪ್‌ಗಳಲ್ಲಿ ಮೇಲಕ್ಕೇರಿದ್ದ ವೈರಸ್ ಶೀಲ್ಡ್, ಬೆಲೆ 3.99 ಡಾಲರ್. ಒತ್ತಿದ್ರೆ ಗುರಾಣಿಯ ಮೇಲಿನ ತಪ್ಪು ಗುರುತು ಹೋಗಿ ಸರಿ ಗುರುತು ಬರ್ತಿತ್ತು. ಅಷ್ಟೇ, ಬೇರೇನೂ ಮಾಡ್ತಿರಲಿಲ್ಲ. ಗೂಗಲ್ ದುಡ್ಡು ವಾಪಸ್ ಕೊಟ್ಟಿತು.

ಈಗ ನಿಮ್ಮ ಮನೆಯ ಲ್ಯಾಪ್‌ಟಾಪ್. ಮೂಲೆಯಲ್ಲಿ "ನಿಮ್ಮ ಆ್ಯಂಟಿವೈರಸ್ ಅವಧಿ ಮುಗಿದಿದೆ" ಅಂತ ಪದೇಪದೇ ಬರ್ತಿದ್ಯಾ? ಆ ಸಂದೇಶದಲ್ಲಿ ಕ್ರೋಮ್ ಹೆಸರೋ ಯಾವುದೋ ಸೈಟಿನ ವಿಳಾಸವೋ ಸಣ್ಣಕ್ಷರದಲ್ಲಿ ಇದ್ರೆ ಅದು ವೈರಸ್ಸೂ ಅಲ್ಲ, ಆ್ಯಂಟಿವೈರಸ್ಸೂ ಅಲ್ಲ. ಯಾವತ್ತೋ ಒಂದು ಸೈಟಿನಲ್ಲಿ ಅಲೋ ಒತ್ತಿದ ನೋಟಿಫಿಕೇಶನ್. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿಗಳಿಗೆ ಹೋಗಿ ಆ ಸೈಟನ್ನ ತೆಗೀರಿ. ಪರದೆ ತುಂಬಾ ಎಚ್ಚರಿಕೆ, ಜೊತೆಗೆ ಕೂಗೋ ಶಬ್ದ, ಒಂದು ಫೋನ್ ನಂಬರ್ ಬಂದ್ರೆ ಅದರೊಳಗಿನ ಯಾವ ಬಟನ್ನೂ ಒತ್ತಬೇಡಿ, ರದ್ದು ಅನ್ನೋದನ್ನೂ ಒತ್ತಬೇಡಿ. ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ, ಮತ್ತೆ ತೆರೆದಾಗ ಹಳೇ ಟ್ಯಾಬ್ ವಾಪಸ್ ತರಬೇಡಿ. ಏನೋ ಇನ್‌ಸ್ಟಾಲ್ ಆಗಿದೆ ಅನ್ನಿಸಿದ್ರೆ ನೆಟ್ ತೆಗೆದು, ಆ್ಯಪ್‌ಗಳ ಪಟ್ಟಿಯಿಂದ ಅದನ್ನ ಕಿತ್ತು ಹಾಕಿ, ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ವಿಂಡೋಸ್ ಪೂರ್ತಿ ಏಳೋ ಮೊದಲೇ ಅದು ಕೆಲಸ ಮಾಡೋದ್ರಿಂದ ಒಳಗಿನ ಕಳ್ಳನಿಗೆ ತಡೆಯೋಕೆ ಅವಕಾಶ ಕಡಿಮೆ. ಕಾಲು ಗಂಟೆ ಹಿಡೀಬಹುದು. ಪಾಸ್‌ವರ್ಡ್‌ಗಳನ್ನ ಬೇರೆ ಕಂಪ್ಯೂಟರಿನಿಂದ ಅಥವಾ ಫೋನಿನಿಂದ ಬದಲಾಯಿಸಿ.

ಮನೆಯಲ್ಲಿ ಯಾರಾದ್ರೂ ಈಗಾಗಲೇ ದುಡ್ಡು ಕಟ್ಟಿದ್ರೆ ಬೈಯೋದನ್ನ ಸಂಜೆಗೆ ಇಟ್ಕೊಳ್ಳಿ. ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ, ತಕ್ಷಣ 1930ಕ್ಕೆ ಕರೆ ಮಾಡಿ ದೂರು ಬರೆಸಿ.